ಕಡಲೆ ಸಾಲಿನ ನಡುವೆ ಕೊತ್ತಂಬರಿ

ಪರೀಕ್ಷೆಯಲ್ಲಿ ‘ಸಸ್ಯವೈವಿಧ್ಯ ಮತ್ತು ಕೀಟ ನಿಯಂತ್ರಣ’ ಎಂಬ ಪ್ರಶ್ನೆ ಬಂದರೆ ನಮ್ಮಲ್ಲಿ ಬಹುಪಾಲು ಜನ ‘ಮಿಶ್ರ ಬೆಳೆಯಿಂದ ಕೀಟಬಾಧೆ ಕಡಿಮೆಯಾಗುತ್ತದೆ’ ಎಂದು ಬರೆದು, ಕೆಳಗೆ ನಾಲ್ಕು ಉದಾಹರಣೆ ಸೇರಿಸಿ ಮುಗಿಸುತ್ತೇವೆ. ಅಂಕ ಬರುತ್ತದೆ, ವಿಷಯ ಮಾತ್ರ ಅರ್ಥವಾಗಿರುವುದಿಲ್ಲ. ಕೀಟ ಯಾವುದು, ಪಕ್ಕದಲ್ಲಿರುವ ಗಿಡ ಯಾವುದು ಎಂದು ಕೇಳದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಆದ್ದರಿಂದ ವಿಜಯಪುರದ ಒಂದು ಎರೆಹೊಲವನ್ನೇ ಮುಂದಿಟ್ಟುಕೊಂಡು ನೋಡೋಣ.

ನಮ್ಮ ಕಾಕಾ ಹಿಂಗಾರಿಯಲ್ಲಿ ಕಡಲೆ ಬಿತ್ತುವಾಗ ನಡುನಡುವೆ ಕೊತ್ತಂಬರಿ, ಹೊಲದ ಸುತ್ತ ಕುಸುಬೆ ಹಾಕುತ್ತಾರೆ. ಏಕೆಂದು ಕೇಳಿದರೆ, ‘ಕುಸುಬೆ ಮುಳ್ಳಿಗೆ ಅಂಜಿ ದನ ಒಳಗೆ ಬರುವುದಿಲ್ಲ ತಮ್ಮಾ, ಕೊತ್ತಂಬರಿ ಮನೆ ಖರ್ಚಿಗೆ ಆಯಿತು’ ಎನ್ನುತ್ತಾರೆ. ಕೀಟದ ಸುದ್ದಿಯೇ ಇಲ್ಲ! ಹಿರಿಯರ ಪದ್ಧತಿಗಳಲ್ಲೆಲ್ಲ ಕೀಟಶಾಸ್ತ್ರ ಹುಡುಕುವ ನಮ್ಮ ಚಪಲಕ್ಕೆ ಇಂಥ ಉತ್ತರ ಒಳ್ಳೆಯ ಮೂಗುದಾರ.

ಈಗ ಸಿದ್ಧಾಂತ. 1973ರಲ್ಲಿ ಅಮೆರಿಕದ ಪರಿಸರವಿಜ್ಞಾನಿ ರಿಚರ್ಡ್ ರೂಟ್ ಎಲೆಕೋಸಿನ ಬಳಗದ ಕೊಲಾರ್ಡ್ ಎಂಬ ಸೊಪ್ಪಿನ ಗಿಡವನ್ನು ಒಂದು ಕಡೆ ಒಂಟಿ ಬೆಳೆಯಾಗಿಯೂ ಇನ್ನೊಂದು ಕಡೆ ಹುಲ್ಲುಗಾವಲಿನ ಗಿಡಗಂಟಿಗಳ ನಡುವೆ ಸಾಲಾಗಿಯೂ ಬೆಳೆಸಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಎಲೆ ತಿನ್ನುವ ಕೀಟಗಳ ಹೊರೆ ಒಂಟಿ ಬೆಳೆಯಲ್ಲೇ ಹೆಚ್ಚಿತ್ತು. ಅದರಲ್ಲೂ ಮುಟ್ಟಿದರೆ ಚಿಗಟದಂತೆ ಜಿಗಿಯುವ ಪುಟ್ಟ ಜೀರುಂಡೆಯದೇ ದರ್ಬಾರು. ಒಂದೇ ಬಗೆಯ ಗಿಡವನ್ನು ನೆಚ್ಚಿದ ಕೀಟಕ್ಕೆ ಆ ಗಿಡ ರಾಶಿಯಾಗಿ ಸಿಕ್ಕರೆ ಹುಡುಕುವ ಕಷ್ಟವಿಲ್ಲ, ಬಿಟ್ಟುಹೋಗುವ ಕಾರಣವೂ ಇಲ್ಲ. ಇದನ್ನು ‘ಸಂಪನ್ಮೂಲ ಸಾಂದ್ರತೆ’ ಎನ್ನುತ್ತಾರೆ. ಬೇರೆ ಬೇರೆ ಗಿಡಗಳಿದ್ದಲ್ಲಿ ಕೀಟಗಳ ಶತ್ರುಗಳು ಹೆಚ್ಚುತ್ತವೆ ಎಂಬುದು ಇನ್ನೊಂದು ವಿವರಣೆ. ತನ್ನ ಹೊಲದ ಮಟ್ಟಿಗೆ ರೂಟ್ ಒತ್ತು ಕೊಟ್ಟದ್ದು ಮೊದಲನೆಯದಕ್ಕೆ.

ಕಡಲೆಯಲ್ಲಿ ಈ ಮೊದಲ ವಿವರಣೆ ಎಡವುತ್ತದೆ. ಇಲ್ಲಿನ ಮುಖ್ಯ ಶತ್ರು ಕಾಯಿಕೊರಕ. ಅದು ತೊಗರಿ, ಹತ್ತಿ, ಸೂರ್ಯಕಾಂತಿ, ಟೊಮೆಟೊ, ಜೋಳದ ತೆನೆ ಎಲ್ಲವನ್ನೂ ತಿನ್ನುತ್ತದೆ. ಕುಸುಬೆಯನ್ನೂ ಬಿಡುವುದಿಲ್ಲ. ಅಂಥದ್ದಕ್ಕೆ ಮಿಶ್ರ ಬೆಳೆ ಎಂದರೆ ಎಲೆಯ ಮೇಲೆ ನಾಲ್ಕು ಬಗೆಯ ಪಲ್ಯ ಬಡಿಸಿದಂತೆ.

ಹಾಗಾದರೆ ಕೊತ್ತಂಬರಿ ಮಾಡುವುದೇನು? ಕ್ಯಾಂಪೊಲೆಟಿಸ್ ಎಂಬ ಸಣ್ಣ ಕಣಜ ಕಾಯಿಕೊರಕದ ಎಳೆಯ ಮರಿಯೊಳಗೆ ಮೊಟ್ಟೆ ಇಡುತ್ತದೆ. ಒಳಗೆ ಬೆಳೆಯುವ ಕಣಜದ ಮರಿ ಹುಳುವನ್ನು ತಿಂದು ಮುಗಿಸುತ್ತದೆ, ಅದೂ ಹುಳು ದಪ್ಪಗಾಗಿ ಕಾಯಿಗೆ ತೂತು ಕೊರೆಯುವ ಮುನ್ನವೇ. ಆದರೆ ಬೆಳೆದ ಕಣಜ ಬದುಕುವುದು ಮಕರಂದದ ಮೇಲೆ. ಕಡಲೆಯ ಹೂವು ಮುಚ್ಚಿದ ಡಬ್ಬಿ. ಕೊತ್ತಂಬರಿಯದು ತೆರೆದ ತಟ್ಟೆ, ಗಿಡ್ಡ ಬಾಯಿಗೂ ಮಕರಂದ ಎಟುಕುತ್ತದೆ. ಹೊಟ್ಟೆ ತುಂಬಿದ ಕಣಜ ಹೆಚ್ಚು ದಿನ ಬದುಕುತ್ತದೆ, ಹೆಚ್ಚು ಹುಳುಗಳಿಗೆ ಮೊಟ್ಟೆ ಇಡುತ್ತದೆ. ಕೊತ್ತಂಬರಿಯನ್ನು ಹೂ ಬಿಡುವ ಮುಂಚೆಯೇ ಕಿತ್ತು ಸಂತೆಗೆ ಒಯ್ದರೆ ಈ ಲಾಭ ಅಲ್ಲಿಗೇ ಮುಗಿಯಿತು.

ಕುಸುಬೆಯ ಕೆಲಸ ಬೇರೆ. ಅದಕ್ಕೆ ಮುತ್ತುವ ಕಪ್ಪು ಸಸ್ಯಹೇನು ಕಡಲೆಯ ತಂಟೆಗೆ ಬರುವುದಿಲ್ಲ, ಆದರೆ ಹೇನು ತಿಂದು ಬದುಕುವ ಮಿತ್ರಕೀಟಗಳಾದ ಗುಲಗಂಜಿ ಹುಳುಗಳನ್ನು ಹೊಲಕ್ಕೆ ಕರೆತರುತ್ತದೆ.

ಎಲ್ಲ ಮಿತ್ರಕೀಟಗಳಿಗೂ ಕಡಲೆ ಹೊಲ ಒಗ್ಗುವುದಿಲ್ಲ ಎಂಬುದನ್ನು ಮರೆಯಬೇಡಿ. ಟ್ರೈಕೋಗ್ರಾಮ ಎಂಬ ಸೂಜಿಮೊನೆಯಷ್ಟು ಚಿಕ್ಕ ಕಣಜ ಕಾಯಿಕೊರಕದ ಮೊಟ್ಟೆಯನ್ನೇ ಹಾಳು ಮಾಡುತ್ತದೆ. ಕಡಲೆಯ ಎಲೆಗೂದಲು ಒಸರುವ ಹುಳಿ ಅದಕ್ಕೆ ಆಗದು. ಬೆಳಗಿನ ಜಾವ ಬಟ್ಟೆ ಹಾಸಿ ನಮ್ಮ ಕಡೆ ಹಿಂಡಿಕೊಳ್ಳುತ್ತಾರಲ್ಲ, ಅದೇ ಹುಳಿ. ತೊಗರಿಯ ಅಂಟುಗೂದಲಿನ ಮೇಲೂ ಅದರ ಆಟ ನಡೆಯದು. ಜೋಳದ ತೆನೆಯಲ್ಲಾದರೆ ಚೆನ್ನಾಗಿ ನಡೆಯುತ್ತದೆ. ತೊಗರಿಯ ಪಕ್ಕ ಜೋಳ ಇದ್ದ ಮಾತ್ರಕ್ಕೆ ಜೋಳದ ಟ್ರೈಕೋಗ್ರಾಮ ತೊಗರಿಯನ್ನು ಕಾಯುತ್ತದೆ ಎಂದು ಬರೆದರೆ ತಪ್ಪಾಗುತ್ತದೆ. ಜೋಳದ ತೆನೆಯಲ್ಲಿ ಬೆಳೆದ ಹುಳು ಪತಂಗವಾಗಿ ತೊಗರಿಯ ಹೂವಿಗೆ ಹಾರುವ ಅಪಾಯವೂ ಇದೆ.

1991ರಲ್ಲಿ ಕೀಟವಿಜ್ಞಾನಿ ಡೇವಿಡ್ ಆಂಡೊ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡದ್ದು ಇದೇ ಬಗೆಯ ಮಿಶ್ರಚಿತ್ರ: 287 ಕೀಟ ಪ್ರಭೇದಗಳಲ್ಲಿ ಶೇ 52ರಷ್ಟು ಮಿಶ್ರ ಬೆಳೆಯಲ್ಲಿ ಕಡಿಮೆ, ಶೇ 15ರಷ್ಟು ಹೆಚ್ಚು, ಉಳಿದವು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕಡಿಮೆಯಾಗುವುದರಲ್ಲಿ ಒಂದೇ ಆಹಾರಕ್ಕೆ ಅಂಟಿಕೊಂಡ ಕೀಟಗಳದೇ ಮೇಲುಗೈ. ಉತ್ತರದಲ್ಲಿ ಈ ಎರಡು ಅಂಕಿಗಳನ್ನೂ ಬರೆಯಿರಿ. 52 ಬರೆದು 15 ಬಿಡುವುದು ಅರ್ಧಸತ್ಯ.

ಜೋಳಕ್ಕೆ ಇನ್ನೊಂದು ಬಗೆಯ ಉಪಯೋಗವಿದೆ. ತೊಗರಿ ಬೀಜದೊಂದಿಗೆ ಒಂದಿಷ್ಟು ಜೋಳ ಬೆರೆಸಿ ಬಿತ್ತಿದರೆ, ಎತ್ತರಕ್ಕೆ ನಿಂತ ಆ ಗಿಡಗಳ ಮೇಲೆ ಕಾಜಾಣ, ಗೊರವಂಕ ಬಂದು ಕೂರುತ್ತವೆ. ಕಣಜದಿಂದ ಆಗದ ಕೆಲಸಕ್ಕೆ ಹಕ್ಕಿ ಇಳಿಯುತ್ತದೆ, ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಇದನ್ನು ಪುಸ್ತಕದಲ್ಲಿ ‘ಜೀವಂತ ಹಕ್ಕಿ ಕೂರುತಾಣ’ ಎನ್ನುತ್ತಾರೆ. ನಮ್ಮ ಕಾಕಾ ಇದಕ್ಕೂ, ‘ರೊಟ್ಟಿಗೆ ನಾಲ್ಕು ತೆನೆ ಆಯಿತು’ ಎಂದೇ ಹೇಳುತ್ತಾರೆ.