ವಿದೇಶಿ ವಸ್ತು ಕೊಳ್ಳದ ಮನೆಗೂ ಆಮದಿನ ಬಿಸಿ ಏಕೆ?

ಪ್ರಶ್ನೆ: ನಾವು ಆದಷ್ಟು ಸ್ವದೇಶಿ ವಸ್ತುಗಳನ್ನೇ ಕೊಳ್ಳುತ್ತೇವೆ. ಆದರೂ ಆಮದು ದುಬಾರಿಯಾದಾಗ ನಮ್ಮ ಮನೆಖರ್ಚು ಏಕೆ ಏರುತ್ತದೆ?

ಉತ್ತರ: ಸ್ವದೇಶಿ ವಸ್ತುವಿನ ಬೆಲೆ ನಿಗದಿಯಾಗುವುದು ಅದರ ವಿದೇಶಿ ಎದುರಾಳಿಯ ಬೆಲೆಯನ್ನು ನೋಡಿಕೊಂಡೇ. ಎದುರಾಳಿ ದುಬಾರಿಯಾದರೆ ಸ್ವದೇಶಿ ಕಂಪನಿಗಳಿಗೂ ಬೆಲೆ ಏರಿಸಲು ಧೈರ್ಯ ಬರುತ್ತದೆ.

2018ರಲ್ಲಿ ಅಮೆರಿಕ ಹೊರಗಿನಿಂದ ಬರುವ ವಾಷಿಂಗ್ ಮಷಿನ್‌ಗಳ ಮೇಲೆ ಹೆಚ್ಚುವರಿ ಸುಂಕ ಹೇರಿತು. ಮೊದಲ ವರ್ಷ 12 ಲಕ್ಷ ಯಂತ್ರಗಳವರೆಗೆ ಶೇ 20, ಅದಕ್ಕೂ ಮೀರಿ ಬಂದವುಗಳಿಗೆ ಶೇ 50. ಯಂತ್ರಗಳ ಬೆಲೆ ಸುಮಾರು ಶೇ 12ರಷ್ಟು ಏರಿತು. ಸುಂಕದ ಹೊರೆಯೇ ಇಲ್ಲದ ಅಮೆರಿಕದ ಕಂಪನಿಗಳೂ ಬೆಲೆ ಹೆಚ್ಚಿಸಿದವು. ಬಟ್ಟೆ ಒಣಗಿಸುವ ಯಂತ್ರಕ್ಕಂತೂ ಈ ಸುಂಕ ಅನ್ವಯಿಸುತ್ತಲೇ ಇರಲಿಲ್ಲ; ಅದೂ ಹೆಚ್ಚುಕಡಿಮೆ ಅಷ್ಟೇ ದುಬಾರಿಯಾಯಿತು. ಜನರು ಎರಡನ್ನೂ ಜೋಡಿಯಾಗಿ ಕೊಳ್ಳುವುದರಿಂದ ಮಾರುವವರು ಏರಿಕೆಯನ್ನು ಎರಡರ ಮೇಲೂ ಹಂಚಿದರು. ಗ್ರಾಹಕರು ವರ್ಷಕ್ಕೆ ಸುಮಾರು 150 ಕೋಟಿ ಡಾಲರ್ ಹೆಚ್ಚು ತೆತ್ತರು, ಹುಟ್ಟಿದ ಉದ್ಯೋಗಗಳು ಸುಮಾರು 1,800 ಎಂದು ಅರ್ಥಶಾಸ್ತ್ರಜ್ಞರು ಅಂದಾಜಿಸಿದರು. ಅಂದರೆ ಒಂದು ಉದ್ಯೋಗಕ್ಕೆ ಎಂಟು ಲಕ್ಷ ಡಾಲರ್‌ಗೂ ಹೆಚ್ಚು! ಅಗ್ಗದ ಆಮದಿನಿಂದ ಕೆಲಸ ಕಳೆದುಕೊಂಡವರ ಸಂಕಟ ಸಣ್ಣದಲ್ಲ. ಆದರೆ ಈ ಹಣದ ಒಂದು ಪಾಲನ್ನು ಅವರಿಗೇ ನೇರವಾಗಿ ಕೊಟ್ಟಿದ್ದರೆ ಅದು ಹೆಚ್ಚು ನ್ಯಾಯವಾಗುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಸುಂಕವನ್ನು ವಿದೇಶಿ ಕಂಪನಿಯೇ ಕಟ್ಟುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಅದನ್ನು ಕಟ್ಟುವವರು ಸರಕು ತರಿಸಿಕೊಂಡ ಆಮದುದಾರರು. ವಿದೇಶಿ ಕಂಪನಿ ತನ್ನ ದರ ತಗ್ಗಿಸಿದರೆ ಮಾತ್ರ ಹೊರೆಯ ಒಂದು ಭಾಗ ಅದರ ಹೆಗಲಿಗೆ ಹೋಗುತ್ತದೆ. ಉಳಿದದ್ದು ಆಮದುದಾರರ ಲಾಭದಿಂದ ಅಥವಾ ಕೊಳ್ಳುವವರ ಜೇಬಿನಿಂದ ಹೋಗಬೇಕು.

ಇನ್ನು ಸ್ವದೇಶಿ ವಸ್ತುವಿನ ಒಳಗೂ ಆಮದು ಅಡಗಿರುತ್ತದೆ: ಬಿಡಿಭಾಗ, ರಾಸಾಯನಿಕ, ಗೊಬ್ಬರ, ಇಂಧನ. ಕಚ್ಚಾ ತೈಲದ ವ್ಯಾಪಾರ ಬಹುಪಾಲು ಡಾಲರ್‌ನಲ್ಲಿ ನಡೆಯುವುದರಿಂದ, ತೈಲ ತರಿಸಿಕೊಳ್ಳುವ ದೇಶದ ಹಣ ಡಾಲರ್ ಎದುರು ಕುಸಿದರೆ ಅದೇ ತೈಲಕ್ಕೆ ಹೆಚ್ಚು ತೆರಬೇಕು. ಆಗ ಸಾಗಣೆ ವೆಚ್ಚ ಏರುತ್ತದೆ. ಅದರ ಹಿಂದೆಯೇ ಅಂಗಡಿಗೆ ಲಾರಿಯಲ್ಲಿ ಬರುವ ಸರಕೆಲ್ಲ ತುಟ್ಟಿಯಾಗುತ್ತದೆ. ಗಳಿಕೆಯ ಬಹುಪಾಲು ದಿನಬಳಕೆಯ ವಸ್ತುಗಳಿಗೇ ಹೋಗುವ ಬಡ ಕುಟುಂಬಗಳಿಗೆ ಈ ಪೆಟ್ಟು ಎಲ್ಲರಿಗಿಂತ ಜೋರಾಗಿ ಬೀಳುತ್ತದೆ.

ಹಾಗಾದರೆ ಆಮದು ಅಗ್ಗವಾದಾಗ ಮನೆಖರ್ಚೂ ಇಳಿಯಬೇಕಲ್ಲವೇ? ಬಟ್ಟೆ, ಮೊಬೈಲ್, ಆಟಿಕೆಗಳಲ್ಲಿ ಇಳಿಕೆ ಕಾಣುತ್ತದೆ. ಮನೆಬಾಡಿಗೆ, ಶಾಲಾ ಶುಲ್ಕ, ಆಸ್ಪತ್ರೆ ಖರ್ಚು ಹಡಗಿನಲ್ಲಿ ಬರುವಂಥವಲ್ಲ. ಅವು ಏರುತ್ತಲೇ ಹೋದರೆ ವಸ್ತುಗಳಲ್ಲಿ ಉಳಿದ ಹಣವೂ ಅಲ್ಲೇ ಕರಗುತ್ತದೆ.