ಕೈ ಮೇಲೆ, ಓಡಿ, ಕೂರಬೇಡಿ: ಕೊಡಗಿನ ಗದ್ದೆ ಬಯಲಿನಲ್ಲಿ ಪ್ಯಾರಾಮೋಟರ್ ಪಾಠ

ಪ್ಯಾರಾಮೋಟರ್ ಅಂದರೆ ಬೆನ್ನಿಗೆ ಎಂಜಿನ್ ಕಟ್ಟಿಕೊಂಡು, ದಾರಗಳಲ್ಲಿ ನೇತಾಡುತ್ತಾ ಬಟ್ಟೆಯ ರೆಕ್ಕೆಯಲ್ಲಿ ಹಾರುವ ಸಾಧನ. ಅದನ್ನು ಕಲಿಯಲು ಬಂದವರ ಕಣ್ಣು ಮೊದಲು ಹೋಗುವುದು ಎಂಜಿನ್ ಕಡೆಗೆ. ಬೆನ್ನಿಗೆ ಕಟ್ಟಿಕೊಳ್ಳುವ ಮೋಟರು, ಪಂಜರದೊಳಗೆ ದೊಡ್ಡ ಪ್ರೊಪೆಲ್ಲರ್, ಅಂಗೈಯಲ್ಲಿ ಎಂಜಿನ್ನಿಗೆ ಗ್ಯಾಸ್ ಕೊಡುವ ಥ್ರಾಟಲ್. ನಮ್ಮನ್ನು ಮೇಲಕ್ಕೆ ಎತ್ತುವುದು ಇದೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಒಳ್ಳೆಯ ಗುರು ಸಿಕ್ಕರೆ ಅವರು ಆ ಎಂಜಿನ್ನನ್ನು ಜೀಪಿನಲ್ಲೇ ಬಿಟ್ಟು ಬರುತ್ತಾರೆ. ಕೈಗೆ ಕೊಡುವುದು ಬರೀ ಬಟ್ಟೆ ಮತ್ತು ದಾರ. ದಿನಗಟ್ಟಲೆ ನೆಲದ ಮೇಲೆಯೇ ಓಡಿಸುತ್ತಾರೆ.

ಅವರ ಮಾತು ಬಹಳ ಚಿಕ್ಕದು. ‘ಕೈ ಮೇಲೆ.’ ‘ಓಡಿ, ಓಡಿ.’ ‘ಕೂರಬೇಡಿ.’ ‘ಗ್ಯಾಸ್ ನಿಧಾನ.’ ಹಾರುವಾಗ ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ಕೇಳುವುದೂ ಇಷ್ಟೇ. ಈ ಒಂದೊಂದು ಮಾತಿನ ಹಿಂದೆಯೂ ಭೌತವಿಜ್ಞಾನದ ಒಂದು ಗಟ್ಟಿ ಕಾರಣ ಇದೆ. ಇನ್ನೂ ಸ್ವಾರಸ್ಯ ಏನೆಂದರೆ, ಹೆದರಿದ ಮೈ ತಾನಾಗಿ ಏನು ಮಾಡಲು ಹೊರಡುತ್ತದೋ ಇವೆಲ್ಲ ಅದಕ್ಕೆ ಉಲ್ಟಾ. ಅದಕ್ಕೇ ಈ ವಿದ್ಯೆಯನ್ನು ವಿಡಿಯೊ ನೋಡಿ ಕಲಿಯಲು ಆಗುವುದಿಲ್ಲ, ಎದುರಿಗೆ ಗುರು ಬೇಕೇ ಬೇಕು.

ಕೊಡಗಿನಲ್ಲಿ ಈ ಪಾಠಕ್ಕೆ ಹೇಳಿ ಮಾಡಿಸಿದ ಜಾಗ ಅಂದರೆ ಹುತ್ತರಿ ಕಳೆದು, ಕೊಯ್ಲು ಮುಗಿದು, ಒಣಗಿ ನಿಂತ ಗದ್ದೆ ಬಯಲು. ಗುಡ್ಡ, ಕಾಡು, ಕಾಫಿ ತೋಟಗಳೇ ತುಂಬಿರುವ ಜಿಲ್ಲೆಯಲ್ಲಿ ನೂರು ಹೆಜ್ಜೆ ನೇರವಾಗಿ ಓಡಲು ತೆರೆದ ನೆಲ ಸಿಗುವುದೇ ಕಡಿಮೆ ಅಲ್ವಾ? ಪೊನ್ನಂಪೇಟೆ, ಗೋಣಿಕೊಪ್ಪ, ಕುಶಾಲನಗರದ ಕಡೆ ಅಂಥ ಬಯಲುಗಳು ಇವೆ. ಮೋಟರಿಲ್ಲದ ಪ್ಯಾರಾಗ್ಲೈಡರಿಗೆ ಇಳಿಜಾರು ಬೇಕು. 1978ರಲ್ಲಿ ಫ್ರಾನ್ಸಿನ ಮ್ಯೂಸಿ ಎಂಬ ಊರಿನ ಬೆಟ್ಟದಿಂದ ಪ್ಯಾರಾಚೂಟ್ ಜಿಗಿತಗಾರರು ವಿಮಾನದ ಹಂಗಿಲ್ಲದೆ ಓಡಿ ಹಾರಿದರು. ಇವತ್ತಿನ ಪ್ಯಾರಾಗ್ಲೈಡಿಂಗ್ ಬೆಳೆದದ್ದು ಅಲ್ಲಿಂದ. ಬೆನ್ನಿಗೆ ಮೋಟರ್ ಬಂದ ಮೇಲೆ ಬೆಟ್ಟ ಬೇಕಾಗಲಿಲ್ಲ, ಗದ್ದೆಯೇ ಸಾಕಾಯಿತು.

ಈಗ ಆ ಬಟ್ಟೆಯನ್ನು ಹತ್ತಿರದಿಂದ ನೋಡೋಣ. ನೆಲದ ಮೇಲೆ ಹರಡಿದಾಗ ಅದು ಸುಮ್ನೆ ಒಂದು ತೆಳು ನೈಲಾನ್ ರಾಶಿ. ಮೇಲೊಂದು ಪದರ, ಕೆಳಗೊಂದು ಪದರ. ನಡುವೆ ಬಟ್ಟೆಯದೇ ಗೋಡೆಗಳು. ಹೀಗೆ ಸಾಲಾಗಿ ಹತ್ತಾರು ಕೋಣೆಗಳು. ಹೆಚ್ಚಿನ ಕೋಣೆಗಳ ಮುಂಬದಿ ತೆರೆದಿದೆ, ಹಿಂಬದಿ ಹೊಲಿದಿದೆ. ಗೋಡೆಗಳಲ್ಲಿ ದುಂಡನೆಯ ತೂತುಗಳು ಇರುವುದರಿಂದ ಒಂದು ಕೋಣೆಯ ಗಾಳಿ ಪಕ್ಕದ್ದಕ್ಕೂ ಹೋಗುತ್ತದೆ. ಇಡೀ ರೆಕ್ಕೆಯಲ್ಲಿ ಆಧಾರಕ್ಕೆ ಅಂತ ಗಟ್ಟಿ ಚೌಕಟ್ಟು ಇಲ್ಲ. ಗಾಳಿಪಟ ಮತ್ತು ಬಲೂನು ಮಾಡುತ್ತಿದ್ದ ಅಮೆರಿಕದ ಡೊಮಿನಾ ಜಾಲ್ಬರ್ಟ್ 1964ರಲ್ಲಿ ಈ ಬಗೆಯ ರೆಕ್ಕೆಗೆ ಪೇಟೆಂಟ್ ಅರ್ಜಿ ಹಾಕಿದರು, 1966ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ಪ್ಯಾರಾಗ್ಲೈಡರ್‌ಗಳ ಮೂಲ ವಿಚಾರ ಅದೇ.

ಓಡಲು ಶುರು ಮಾಡಿದಾಗ ತೆರೆದ ಬಾಯಿಗಳಿಗೆ ಗಾಳಿ ನುಗ್ಗುತ್ತದೆ, ಹಿಂದೆ ದಾರಿ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಒಳಗಿನ ಒತ್ತಡ ಏರುತ್ತದೆ. ಎಷ್ಟು? ರೆಕ್ಕೆ ಗಂಟೆಗೆ 36 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರ್ ಹೋಗುವಾಗ ಲೆಕ್ಕ ಹಾಕಿದರೆ ಸುಮಾರು 55 ಪಾಸ್ಕಲ್. ನಮ್ಮ ಸುತ್ತಲಿನ ಹವೆಯ ಒತ್ತಡ ಕೊಡಗಿನ ಎತ್ತರದಲ್ಲಿ 90,000 ಪಾಸ್ಕಲ್ ಆಸುಪಾಸು. ಅದರ ಸಾವಿರದಲ್ಲಿ ಒಂದು ಪಾಲೂ ಇದಿಲ್ಲ. ಐದಾರು ಮಿಲಿಮೀಟರ್ ಆಳದ ನೀರು ತಳದ ಮೇಲೆ ಹಾಕುವ ಒತ್ತಡ ಇಷ್ಟೇ ಇರುತ್ತದೆ. ಇಷ್ಟು ಚೂರು ಒತ್ತಡ ಬಟ್ಟೆಯನ್ನು ರೆಕ್ಕೆಯ ಆಕಾರದಲ್ಲಿ ಹಿಡಿದು ನಿಲ್ಲಿಸುತ್ತದೆ. ಆ ರೆಕ್ಕೆ ಮನುಷ್ಯ, ಎಂಜಿನ್, ಪೆಟ್ರೋಲ್ ಎಲ್ಲ ಸೇರಿ 120 ಕಿಲೋ ಹೊರುತ್ತದೆ. ನನಗೆ ಈ ಲೆಕ್ಕ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ. ಆದರೂ ಇದರಲ್ಲಿ ಪವಾಡವಿಲ್ಲ. 25 ಚದರ ಮೀಟರ್ ರೆಕ್ಕೆಗೆ 120 ಕಿಲೋ ಹಂಚಿದರೆ ಒಂದು ಚದರ ಮೀಟರಿಗೆ ಬರುವುದು ಐದು ಕಿಲೋಗಿಂತ ಕಡಿಮೆ.

ಒತ್ತಡವೂ ಎತ್ತುವ ಬಲವೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತವೆ. ವೇಗ ಅರ್ಧಕ್ಕೆ ಇಳಿದರೆ ಇವು ಕಾಲು ಭಾಗಕ್ಕೆ ಇಳಿಯುತ್ತವೆ. ಅದಕ್ಕೇ ‘ಓಡಿ, ಓಡಿ’. ಹೊಸಬರು ರೆಕ್ಕೆ ತಲೆ ಮೇಲೆ ಬಂದ ಕೂಡಲೇ ಖುಷಿಯಿಂದ ನಿಧಾನ ಮಾಡುತ್ತಾರೆ. ರೆಕ್ಕೆಗೆ ಆಗಲೇ ವೇಗ ಜಾಸ್ತಿ ಬೇಕು.

ನೆಲದ ಮೇಲಿನ ಅಭ್ಯಾಸದಲ್ಲಿ ಕಲಿಯುವ ಇನ್ನೊಂದು ವಿಷಯ, ರೆಕ್ಕೆ ವಾಲಿದ ಕಡೆಗೇ ಹೋಗುವುದು. ರೆಕ್ಕೆ ಎಡಕ್ಕೆ ವಾಲಿದರೆ ಮೈ ತಾನಾಗಿ ಬಲಕ್ಕೆ ಓಡಿ ಎಳೆಯಲು ನೋಡುತ್ತದೆ. ಹಾಗೆ ಎಳೆದರೆ ಅದು ಇನ್ನಷ್ಟು ವಾಲಿ ನೆಲಕ್ಕೆ ಬೀಳುತ್ತದೆ. ಎಡಕ್ಕೇ ಹೆಜ್ಜೆ ಹಾಕಿ ಅದರ ನಡುಮಧ್ಯದ ಕೆಳಗೆ ನಿಂತರೆ ಭಾರ ಮತ್ತೆ ಎರಡೂ ಕಡೆ ಸಮನಾಗಿ ಬೀಳುತ್ತದೆ, ರೆಕ್ಕೆ ನೆಟ್ಟಗಾಗುತ್ತದೆ. ಇದನ್ನು ಓದಿದರೆ ಅರ್ಥವಾಗುತ್ತದೆ. ಕಾಲಿಗೆ ಅರ್ಥವಾಗಬೇಕಾದರೆ ಗದ್ದೆಯ ಬದುಗಳ ನಡುವೆ ಬೆವರಬೇಕು.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್, ಹೆಚ್ಚಿನವು 15ರಿಂದ 30 ಅಶ್ವಶಕ್ತಿ, ಪಂಜರ ಸೇರಿ 20ರಿಂದ 30 ಕಿಲೋ ತೂಕ. ಆದರೆ ಪ್ರೊಪೆಲ್ಲರ್ ಬಗ್ಗೆ ಹೇಳಲೇಬೇಕು. ಒಂದೂಕಾಲು ಮೀಟರ್ ಅಗಲದ ಪ್ರೊಪೆಲ್ಲರ್ ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 650 ಕಿ.ಮೀ. ದಾಟುತ್ತದೆ. ಪಂಜರದ ಬಲೆ ಅದರ ಗಾಳಿಯನ್ನು ತಡೆಯದಷ್ಟು ತೆಳು, ಹಾಗಾಗಿ ಕೈ ನುಗ್ಗುವುದನ್ನೂ ಪೂರ್ತಿ ತಡೆಯುವುದಿಲ್ಲ. ನೆಲದ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡುವಾಗ ಎಂಜಿನ್ ಒಮ್ಮೆಲೇ ರೇಸ್ ಆಗಿ ಬೆರಳು, ಕೈ ಕಳೆದುಕೊಂಡವರಿದ್ದಾರೆ. ಆದ್ದರಿಂದ ಗುರು ಈ ಒಂದು ವಿಷಯದಲ್ಲಿ ಗದರಿದರೆ ಬೇಜಾರು ಮಾಡಿಕೊಳ್ಳಬಾರದು.

ಇನ್ನು ‘ಕೂರಬೇಡಿ’. ಕಾಲು ನೆಲ ಬಿಟ್ಟಿತು ಅನ್ನಿಸಿದ ಕ್ಷಣಕ್ಕೆ ಹಾರ್ನೆಸ್ಸಿನ, ಅಂದರೆ ಮೈಗೆ ಬಿಗಿದ ಪಟ್ಟಿಗಳ, ಸೀಟಿನಲ್ಲಿ ಕೂತುಬಿಡುವ ಆಸೆ ಬಲವಾಗಿರುತ್ತದೆ. ಆಗ ರೆಕ್ಕೆಗೆ ಬೇಕಾದ ವೇಗ ಇನ್ನೂ ಪೂರ್ತಿ ಬಂದಿರುವುದಿಲ್ಲ. ರೆಕ್ಕೆ ಸ್ವಲ್ಪ ಕೆಳಗಿಳಿಯುತ್ತದೆ. ಓಡಲು ಕಾಲು ಸಿದ್ಧವಿಲ್ಲ, ಪಂಜರದ ತಳ ನೆಲಕ್ಕೆ ಬಡಿಯುತ್ತದೆ, ಪ್ರೊಪೆಲ್ಲರ್ ಚೂರಾಗುತ್ತದೆ. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಇಲ್ಲಿ ಸುಮಾರು 850 ಮೀಟರ್ ಎತ್ತರದ ಬಯಲಿನಲ್ಲಿ ಗಾಳಿ ಕರಾವಳಿಗಿಂತ ಸುಮಾರು ಎಂಟು ಶೇಕಡ ತೆಳು. ಮಂಗಳೂರಿನ ಕಡಲ ತೀರದಲ್ಲಿ ಹಾರುವವರಿಗಿಂತ ಇಲ್ಲಿ ಶೇಕಡ 4ರಷ್ಟು ಜಾಸ್ತಿ ವೇಗದಲ್ಲಿ ಓಡಬೇಕು, ಅದೂ ಎಂಜಿನ್ ಅಲ್ಲಿಗಿಂತ ಕಡಿಮೆ ಶಕ್ತಿ ಕೊಡುತ್ತಿರುವಾಗ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿ ಸುತ್ತ ಈ ವ್ಯತ್ಯಾಸ ಇನ್ನೂ ಹೆಚ್ಚು. ಬಿಸಿಲೇರಿದರೆ ಗಾಳಿ ಮತ್ತಷ್ಟು ತೆಳುವಾಗುತ್ತದೆ.

ಮೇಲೆ ಹೋದ ಮೇಲೆ ಎಲ್ಲರನ್ನೂ ಗೊಂದಲಕ್ಕೆ ಕೆಡಹುವುದು ಥ್ರಾಟಲ್. ಬೈಕಿನಲ್ಲಿ ಗ್ಯಾಸ್ ಕೊಟ್ಟರೆ ವೇಗ ಏರುತ್ತದೆ. ಇಲ್ಲಿ ಗ್ಯಾಸ್ ಕೊಟ್ಟರೆ ಎತ್ತರ ಏರುತ್ತದೆ, ವೇಗ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಕಾರಣ ದಾರಗಳಲ್ಲಿದೆ. ಗಾಳಿಗೆ ರೆಕ್ಕೆ ಯಾವ ಕೋನದಲ್ಲಿ ಎದುರಾಗಬೇಕು ಅನ್ನುವುದನ್ನು ಮುಂದಿನ ಮತ್ತು ಹಿಂದಿನ ಸಾಲಿನ ದಾರಗಳ ಉದ್ದವೇ ನಿರ್ಧರಿಸಿಬಿಟ್ಟಿದೆ. ಕೋನವೂ ಭಾರವೂ ಬದಲಾಗದಿದ್ದರೆ ಗಾಳಿಯಲ್ಲಿ ರೆಕ್ಕೆಯ ವೇಗವೂ ಅಷ್ಟಾಗಿ ಬದಲಾಗುವುದಿಲ್ಲ. ಎಂಜಿನ್ ಬಂದ್ ಇದ್ದರೆ ಅದೇ ವೇಗದಲ್ಲಿ ನಿಧಾನವಾಗಿ ಇಳಿಯುತ್ತದೆ. ಸಮತಟ್ಟಾಗಿ ಹೋಗಲು 15ರಿಂದ 20 ಕಿಲೋ ತಳ್ಳುವಿಕೆ ಸಾಕು. ಎಂಜಿನ್ ನಿಂತಲ್ಲೇ 50, 60 ಕಿಲೋ ತಳ್ಳಬಲ್ಲದು. ಮಿಕ್ಕಿದ್ದೆಲ್ಲ ಏರುವುದಕ್ಕೆ ಹೋಗುತ್ತದೆ.

ತಳ್ಳುವಿಕೆ ಬೀಳುವುದು ಮನುಷ್ಯನ ಬೆನ್ನಿಗೆ. ರೆಕ್ಕೆ ಇರುವುದು ಅವನಿಗಿಂತ ಏಳೆಂಟು ಮೀಟರ್ ಮೇಲೆ. ಇದು ಉಯ್ಯಾಲೆ ಇದ್ದ ಹಾಗೆ, ಆದರೆ ಮೇಲಿನ ಕೊಂಬೆಯೂ ಚಲಿಸುವ ಉಯ್ಯಾಲೆ. ಗ್ಯಾಸ್ ಕೊಟ್ಟಾಗ ಮನುಷ್ಯ ಮುಂದಕ್ಕೆ ತೂಗುತ್ತಾನೆ, ರೆಕ್ಕೆ ಹಿಂದೆ ಉಳಿದು ಮೂತಿ ಎತ್ತುತ್ತದೆ. ಸಟ್ಟನೆ ಬಿಟ್ಟರೆ ಮನುಷ್ಯ ಹಿಂದಕ್ಕೆ ತೂಗುತ್ತಾನೆ, ರೆಕ್ಕೆ ಮುಂದಕ್ಕೆ ಮುಗ್ಗರಿಸುತ್ತದೆ. ಇಂಥ ಒಂದು ತೂಗಾಟಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ. ಗಾಬರಿಯಾದ ಕಲಿಕೆಯವನು ಪ್ರತಿ ತೂಗಿಗೂ ಉತ್ತರವಾಗಿ ಕೈಯಲ್ಲಿರುವ ಬ್ರೇಕ್ ದಾರ ಎಳೆಯುತ್ತಾನೆ. ಅವನ ಕೈ ಕೆಲಸ ಮಾಡುವಷ್ಟರಲ್ಲಿ ತೂಗು ವಾಪಸ್ ತಿರುಗಿರುತ್ತದೆ. ಹಾಗಾಗಿ ಅವನ ಎಳೆತ ತೂಗಾಟವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ. ಕೆಳಗೆ ನಿಂತ ಗುರುವಿಗೆ ಇದು ಚೆನ್ನಾಗಿ ಕಾಣುತ್ತದೆ. ರೇಡಿಯೊದಲ್ಲಿ ಒಂದೇ ಮಾತು: ‘ಕೈ ಮೇಲೆ.’ ಕೈ ಮೇಲೆತ್ತಿ ಬ್ರೇಕ್ ಸಡಿಲಿಸಿದರೆ ರೆಕ್ಕೆ ಒಂದೆರಡು ತೂಗಿನಲ್ಲಿ ತಾನೇ ಸುಧಾರಿಸಿಕೊಳ್ಳುತ್ತದೆ. ಭಾರ ಇಷ್ಟು ಕೆಳಗೆ ನೇತಾಡುತ್ತಿರುವುದರ ಲಾಭ ಅದು.

ಆ ಮಾತಿಗೆ ಇನ್ನೂ ಗಂಭೀರವಾದ ಕಾರಣ ಒಂದಿದೆ. ಬ್ರೇಕ್ ಅಂದರೆ ರೆಕ್ಕೆಯ ಹಿಂದಿನ ಅಂಚನ್ನು ಕೆಳಗೆಳೆಯುವ ದಾರ. ಹಿತವಾಗಿ ಎಳೆದರೆ ವೇಗ ಇಳಿಯುತ್ತದೆ. ಅತಿಯಾಗಿ ಎಳೆದು ಹಿಡಿದರೆ ಮೇಲ್ಮೈಯನ್ನು ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಳ್ಳುತ್ತದೆ, ರೆಕ್ಕೆ ಹಾರುವುದನ್ನೇ ನಿಲ್ಲಿಸುತ್ತದೆ. ಇದೇ ಸ್ಟಾಲ್. ಬೀಳುತ್ತೇನೆ ಅನ್ನಿಸಿದಾಗ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದು ಎಳೆಯುವುದು ಮನುಷ್ಯ ಸ್ವಭಾವ. ಇಲ್ಲಿ ಕೈಗೆ ಸಿಗುವುದು ಬ್ರೇಕ್.

ಕಲಿಯುವವರು ರೆಕ್ಕೆಗಿಂತ ಜಾಸ್ತಿ ಸಮಯ ಕೊಡಬೇಕಾದದ್ದು ಊರಿನ ಗಾಳಿಗೆ. ಚಳಿಗಾಲದ ರಾತ್ರಿ ಕೊಡಗಿನ ಗುಡ್ಡಗಳು ಬೇಗ ತಣಿಯುತ್ತವೆ. ತಣ್ಣನೆ ಗಾಳಿ ಭಾರ, ಅದು ಇಳಿಜಾರಿನಲ್ಲಿ ಜಾರಿ ಗದ್ದೆ ಬಯಲಿಗೆ ಬಂದು ತುಂಬುತ್ತದೆ. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಹೀಗಿದ್ದಾಗ ಗಾಳಿ ಮೇಲೆ ಕೆಳಗೆ ಕಲೆಯುವುದಿಲ್ಲ, ಅಲುಗಾಟ ಇರುವುದಿಲ್ಲ. ಮಂಜು ಕರಗಿ, ಬಿಸಿಲು ಇನ್ನೂ ಚುರುಕಾಗದ ಆ ಒಂದೆರಡು ಗಂಟೆ ಹೊಸಬರ ಸಮಯ. ಸಂಜೆ ಬಿಸಿಲು ಇಳಿದ ಮೇಲೆ ಇನ್ನೊಂದಿಷ್ಟು ಹೊತ್ತು. ನಡುಹಗಲಿನಲ್ಲಿ ಕೊಯ್ಲಾದ ಒಣ ಗದ್ದೆ ಪಕ್ಕದ ತೋಟಕ್ಕಿಂತ ಬೇಗ ಕಾಯುತ್ತದೆ. ಅಲ್ಲಿಂದ ಬಿಸಿ ಗಾಳಿಯ ಕಂಬಗಳು ಏಳುತ್ತವೆ, ಸುತ್ತ ತಣ್ಣನೆ ಗಾಳಿ ಇಳಿಯುತ್ತದೆ. ಇವುಗಳ ಅಂಚು ದಾಟುವಾಗ 55 ಪಾಸ್ಕಲ್ ಒತ್ತಡದ ರೆಕ್ಕೆಯ ಒಂದು ಬದಿ ಮಡಚಿಕೊಳ್ಳಬಹುದು.

ತೋಟದ ಸಿಲ್ವರ್ ಓಕ್ ಮರಗಳನ್ನು ಗಾಳಿಯ ಕಣ್ಣಿನಿಂದ ನೋಡುವುದನ್ನೂ ಗುರುವೇ ಕಲಿಸಬೇಕು. ಗಾಳಿ ಬೀಸುವಾಗ ಮರದ ಸಾಲಿನ ಮರೆಯಲ್ಲಿ ಸುಳಿಗಳು ಏಳುತ್ತವೆ. ಅಡ್ಡಿಯ ಎತ್ತರದ ಹತ್ತು ಪಟ್ಟು ದೂರದವರೆಗೂ ಎಚ್ಚರ ಇರಲಿ ಅನ್ನುವುದು ಹಾರುವವರ ರೂಢಿಯ ಲೆಕ್ಕ. 25 ಮೀಟರ್ ಮರವಾದರೆ 250 ಮೀಟರ್. ನಮ್ಮ ಎಷ್ಟೋ ಗದ್ದೆ ಬಯಲುಗಳ ಅಗಲವೇ ಅಷ್ಟಿರುವುದಿಲ್ಲ. ಗಾಳಿ ಬೀಸುವ ದಿನ ಗುರು ‘ಇವತ್ತು ಬೇಡ’ ಅಂದರೆ ಅದರ ಹಿಂದೆ ಈ ಲೆಕ್ಕ ಇರುತ್ತದೆ. ತೋಟದ ಮೇಲೆ ಹಾದುಹೋಗುವ ಕರೆಂಟ್ ತಂತಿ ಎದುರು ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಹಾರಂಗಿಯಂಥ ಜಲಾಶಯದ ಮೇಲೆ ತಗ್ಗಾಗಿ ಹಾರುವುದು ನೋಡಲು ಚೆಂದ. ಆದರೆ ನೀರಿಗೆ ಬಿದ್ದರೆ ಬೆನ್ನಿನ ಎಂಜಿನ್ ಕೆಳಗೆಳೆಯುತ್ತದೆ, ದಾರಗಳು ಸುತ್ತಿಕೊಳ್ಳುತ್ತವೆ, ಈಜು ಬಂದರೂ ಪ್ರಯೋಜನವಿಲ್ಲ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ ಕಾಡುಗಳ ಮೇಲೆ ಈ ಸದ್ದು ಮಾಡಿಕೊಂಡು ಹೋಗುವುದು ನನ್ನ ಪ್ರಕಾರ ತಪ್ಪೇ. ಆನೆಗಳಿಗೆ ನಾವು ಈಗಾಗಲೇ ಕೊಟ್ಟಿರುವ ಕಾಟ ಸಾಕು.

ಹೂಮಳೆಯ ತಿಂಗಳುಗಳಲ್ಲಿ, ಮಾರ್ಚ್–ಏಪ್ರಿಲ್‌ನಲ್ಲಿ, ಕಾಫಿ ಬೆಳೆಗಾರರು ಕಾದು ಕೂರುವ ಮೋಡವೇ ಹಾರುವವರ ದೊಡ್ಡ ಅಪಾಯ. ಗುಡುಗು ಮೋಡದ ಒಳಗೆ ಗಾಳಿ ಭಾರಿ ವೇಗದಲ್ಲಿ ಮೇಲೇರುತ್ತದೆ. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾ ಎಂಬಲ್ಲಿ ಜರ್ಮನಿಯ ಪ್ಯಾರಾಗ್ಲೈಡಿಂಗ್ ಪೈಲಟ್ ಎವಾ ವಿಶ್ನಿಯೆರ್ಸ್ಕಾ ಅಂಥ ಮೋಡಕ್ಕೆ ಸಿಕ್ಕಿ 9,900 ಮೀಟರಿಗೂ ಮೇಲೆ ಎಳೆಯಲ್ಪಟ್ಟರು. ಪ್ರಜ್ಞೆ ತಪ್ಪಿತು, ಮೈ ಮೇಲೆ ಮಂಜುಗಡ್ಡೆ ಕಟ್ಟಿತು, ಆದರೂ ಬದುಕಿ ಬಂದರು. ಅವರು ಅನುಭವಿ ಸ್ಪರ್ಧಿ.

ಗುರುವನ್ನು ಆರಿಸುವಾಗ ನಾನು ನೋಡುವುದು, ಅವರು ಎಷ್ಟು ದಿನ ನೆಲದ ಮೇಲೆ ಇಡುತ್ತಾರೆ, ಎಷ್ಟು ಸಲ ‘ಬೇಡ’ ಅನ್ನುತ್ತಾರೆ ಎಂದು. ಮೀಸಲು ಪ್ಯಾರಾಚೂಟ್, ರೇಡಿಯೊ, ಹಾರಲು ಪಡೆದ ಅನುಮತಿ ಇವುಗಳ ಬಗ್ಗೆ ಕೇಳಿದರೆ ಮುಖ ಗಂಟಿಕ್ಕುವವರ ಹತ್ತಿರ ಹೋಗಲೇಬಾರದು. ಪ್ರವಾಸಿಗರನ್ನು ಜೊತೆಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾರಿಸುವುದು ಬೇರೆ, ಕಲಿಸುವುದು ಬೇರೆ.

ಕೊನೆಯ ಪಾಠ ಇಳಿಯುವುದು. ಗಾಳಿಗೆ ಎದುರಾಗಿ ಬನ್ನಿ, ನೆಲ ಇನ್ನೂ ದೂರ ಇರುವಾಗಲೇ ಎಂಜಿನ್ ಬಂದ್ ಮಾಡಿ. ಇಲ್ಲದಿದ್ದರೆ ಸೋತು ಬೀಳುವ ದಾರಗಳನ್ನು ಪ್ರೊಪೆಲ್ಲರ್ ಎಳೆದುಕೊಳ್ಳುತ್ತದೆ. ಸೀಟಿನಿಂದ ಕಾಲು ಇಳಿಬಿಟ್ಟು ನಿಲ್ಲುವ ಭಂಗಿಗೆ ಬನ್ನಿ. ನೆಲ ಒಂದು ಮೀಟರ್ ಇದೆ ಅನ್ನುವಾಗ ಎರಡೂ ಬ್ರೇಕ್ ಪೂರ್ತಿ ಎಳೆಯಿರಿ. ಅಷ್ಟು ಹೊತ್ತು ಮೇಲಕ್ಕಿರಲಿ ಎನ್ನುತ್ತಿದ್ದ ಕೈ ಕೆಳಗೆ ಬರಬೇಕಾದ ಜಾಗ ಇದು. ರೆಕ್ಕೆ ತನ್ನ ವೇಗವನ್ನು ಖರ್ಚು ಮಾಡಿ ಅರೆಕ್ಷಣ ಹೆಚ್ಚಿನ ಎತ್ತುವ ಬಲ ಕೊಡುತ್ತದೆ, ಇಳಿಯುವ ವೇಗ ತಗ್ಗುತ್ತದೆ, ಮುಂದಿನ ವೇಗವೂ ನಾಲ್ಕು ಹೆಜ್ಜೆಯಲ್ಲಿ ಓಡಿ ಮುಗಿಸುವಷ್ಟಾಗುತ್ತದೆ. ಎಳೆದದ್ದು ಮೂರು ಮೀಟರ್ ಎತ್ತರದಲ್ಲಾದರೆ ವೇಗ ಅಲ್ಲೇ ಖರ್ಚಾಗಿ ಮಿಕ್ಕ ದೂರ ಬೀಳಬೇಕಾಗುತ್ತದೆ. ಕಾಲು ಊರಿದ ಮೇಲೂ ರೆಕ್ಕೆ ಗಾಳಿ ಹಿಡಿದು ಎಳೆಯಬಹುದು, ಆದ್ದರಿಂದ ಕೂಡಲೇ ಅದರ ಕಡೆ ತಿರುಗಿ ಅದು ಬೀಳುವ ತನಕ ಅದರತ್ತ ನಾಲ್ಕು ಹೆಜ್ಜೆ ಓಡಬೇಕು. ಎಂಜಿನ್ ಇಲ್ಲದೆ ಗದ್ದೆಯಲ್ಲಿ ಬೆವರಿದ ಆ ದಿನಗಳ ಅಭ್ಯಾಸ ಇಲ್ಲೂ ಕೆಲಸಕ್ಕೆ ಬರುತ್ತದೆ.