ಮಾಳಿಗೆಯ ಮೇಲೊಂದು ಯಾಗಿ

ಬಾದಾಮಿ, ಗುಳೇದಗುಡ್ಡದ ಸುತ್ತಿನ ಎಷ್ಟೋ ಊರುಗಳಲ್ಲಿ ಫೋನ್ ಬಂದರೆ ಮಾಳಿಗೆ ಹತ್ತಬೇಕು. ಕೆಂಪು ಮರಳುಗಲ್ಲಿನ ಗುಡ್ಡಕ್ಕೆ ಬೆನ್ನು ಕೊಟ್ಟು ಕೂತ ಮನೆಗಳವು. ಒಳಗೆ ರೇಂಜ್ ಇಲ್ಲವೇ ಇಲ್ಲ, ಹೊರಗೆ ಬಂದರೆ ಒಂದು ಕಡ್ಡಿ. ಈಚೆಗೆ ಅಂಥ ಕೆಲವು ಮನೆಗಳ ಮೇಲೆ ಯಾಗಿ ಎಂಬ ಹೆಸರಿನ, ಅಲ್ಯೂಮಿನಿಯಂ ಸರಳುಗಳ ಆಂಟೆನಾಗಳು ಕಾಣಿಸತೊಡಗಿವೆ. ಮಾರುವವರ ಮಾತು ಒಂದೇ: "ಟವರ್ ಎಲ್ಲೇ ಇರಲಿ, ಇದು ಸಿಗ್ನಲ್ ಎಳಕೊಂಡ್ ಬರ್ತೈತ್ರಿ." ಕೊಂಡವರಲ್ಲಿ ಕೆಲವರಿಗೆ ಇಂಟರ್‌ನೆಟ್ ಓಡಿತು, ಕೆಲವರಿಗೆ ದುಡ್ಡು ಹೋಯಿತು. ಯಾಕೆ ಓಡಿತು, ಯಾಕೆ ಹೋಯಿತು ಎಂದು ಇಬ್ಬರಿಗೂ ಯಾರೂ ಹೇಳಲಿಲ್ಲ.

ಮೊದಲು ಆ "ಎಳಕೊಂಡ್ ಬರ್ತೈತಿ" ಎನ್ನುವ ಮಾತನ್ನು ಬಿಡಬೇಕು. ಅಲ್ಯೂಮಿನಿಯಂ ಸರಳಿಗೆ ಎಳೆಯುವ ಶಕ್ತಿ ಇಲ್ಲ. ಅದರೊಳಗೆ ಬ್ಯಾಟರಿ ಇಲ್ಲ, ಕರೆಂಟಿನ ಸಂಪರ್ಕವೂ ಇಲ್ಲ. ಫೋನಿನ ಹಿಂದೆ ಅಂಟಿಸುವ "ಸಿಗ್ನಲ್ ಚಿಪ್" ಎಂಬ ಸ್ಟಿಕ್ಕರಿನದಂತೂ ಶುದ್ಧ ಮೋಸ. ಗಾಳಿಯಲ್ಲಿ ಬಂದಿರುವ ಅಲೆ ಎಷ್ಟಿದೆಯೋ ಅಷ್ಟೇ. ಅದು ಎಷ್ಟು ಕಡಿಮೆ ಎಂದು ತಿಳಿದರೆ ಬೆರಗಾಗುತ್ತದೆ. ಫೋನಿನ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಅವನ್ನು ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಸೆಟ್ಟಿಂಗ್ಸ್ ಒಳಗೆ, ಸಿಮ್ ಸ್ಟೇಟಸ್ ಎಂಬಲ್ಲಿ, ಡಿಬಿಎಂ ಎಂಬ ಋಣ ಸಂಖ್ಯೆ ಸಿಗುತ್ತದೆ. 4ಜಿಯಲ್ಲಿ ಅದು -80ರ ಆಸುಪಾಸು ಇದ್ದರೆ ಉತ್ತಮ, -110 ಆದರೆ ಕಷ್ಟ, -120 ಆದರೆ ಇಂದೋ ನಾಳೆಯೋ. ಈ -110 ಎಂದರೆ, ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿದಾಗ ಸಿಗುವ ಒಂದು ಚೂರು. ಅಷ್ಟರಲ್ಲೂ ಫೋನ್ ಮಾತನ್ನು ಹೆಕ್ಕಿ ಕೊಡುತ್ತದೆ! ಈ ಅಳತೆಯಲ್ಲಿ 10 ಏರಿದರೆ ಶಕ್ತಿ ಹತ್ತು ಪಟ್ಟು ಏರಿತು, 3 ಏರಿದರೆ ಎರಡು ಪಟ್ಟು. ಇದೊಂದನ್ನು ನೆನಪಿಟ್ಟರೆ ಮುಂದಿನದೆಲ್ಲ ಸಲೀಸು.

ಹಾಗಾದರೆ ಆಂಟೆನಾ ಮಾಡುವುದೇನು? ಬೋರಿನಿಂದ ಎರಡು ಇಂಚು ನೀರು ಬರುತ್ತಿದೆ ಅನ್ನಿ. ಇಡೀ ಹೊಲಕ್ಕೆ ಒಮ್ಮೆಲೇ ಬಿಟ್ಟರೆ ಯಾವ ಸಾಲೂ ತೋಯುವುದಿಲ್ಲ. ಅದೇ ನೀರನ್ನು ಬದು ಕಟ್ಟಿ ಒಂದೇ ಸಾಲಿಗೆ ತಿರುವಿದರೆ ಕಬ್ಬಿನ ಬುಡ ತುಂಬುತ್ತದೆ. ಬೋರಿನ ನೀರು ಹೆಚ್ಚಲಿಲ್ಲ, ಉಳಿದ ಸಾಲುಗಳ ಪಾಲು ಒಂದಕ್ಕೆ ಬಂತು. ದಿಕ್ಕಿನ ಆಂಟೆನಾ ಮಾಡುವುದೂ ಇದನ್ನೇ. ಸುತ್ತಲಿನ ಎಲ್ಲ ದಿಕ್ಕಿಗೂ ಕಿವಿ ಮುಚ್ಚಿ ಒಂದು ಕಡೆಗೆ ತೆರೆಯುತ್ತದೆ. "12 ಡಿಬಿಐ ಗೇನ್" ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ಎಲ್ಲ ದಿಕ್ಕಿಗೂ ಸಮನಾಗಿ ಕೇಳುವ ಆಂಟೆನಾಕ್ಕಿಂತ ಆ ಒಂದು ದಿಕ್ಕಿನಲ್ಲಿ ಸುಮಾರು 16 ಪಟ್ಟು ಚೆನ್ನಾಗಿ ಕೇಳುತ್ತದೆ ಎಂದರ್ಥ. ಬೇರೆ ಕಡೆ ಅದು ಅಷ್ಟೇ ಕಿವುಡು.

ಇದು ಸಾಧ್ಯವಾಗುವ ಬಗೆ ನನಗೆ ಎಂದೂ ಹಳತಾಗದ ಸೋಜಿಗ. ಮಾಳಿಗೆಯ ಮೇಲಿನ ಆ ಆಂಟೆನಾವನ್ನು ಒಮ್ಮೆ ಹತ್ತಿರದಿಂದ ನೋಡಿ. ಹತ್ತಾರು ಸರಳುಗಳಿವೆ, ಆದರೆ ಕೇಬಲ್ ಜೋಡಿಸಿರುವುದು ಒಂದಕ್ಕೆ ಮಾತ್ರ. ಉಳಿದವಕ್ಕೆ ಯಾವ ತಂತಿಯೂ ಇಲ್ಲ. ಹಾಗಿದ್ದರೆ ಅವು ಯಾಕೆ? ಕೇಬಲ್ ಇರುವ ಸರಳಿನ ಉದ್ದ ಅಲೆಯ ಉದ್ದದ ಅರ್ಧ. 900 ಮೆಗಾಹರ್ಟ್ಸ್ ಅಲೆಯ ಉದ್ದ 33 ಸೆಂಟಿಮೀಟರ್, ಆದ್ದರಿಂದ ಸರಳು ಸುಮಾರು 16 ಸೆಂಟಿಮೀಟರ್. ಅದರ ಹಿಂದೆ ಒಂದು ಸರಳಿದೆ, ಅದು ತುಸು ಉದ್ದ. ಮುಂದಿನ ಸರಳುಗಳೆಲ್ಲ ತುಸು ಗಿಡ್ಡ. ಅಲೆ ಬಂದು ಬಡಿದಾಗ ಪ್ರತಿ ಸರಳಿನಲ್ಲೂ ಎಲೆಕ್ಟ್ರಾನುಗಳು ಹಿಂದೆ ಮುಂದೆ ಓಲಾಡುತ್ತವೆ, ಓಲಾಡುವ ಎಲೆಕ್ಟ್ರಾನು ತಾನೂ ಹೊಸ ಅಲೆ ಹೊರಡಿಸುತ್ತದೆ. ಉದ್ದನೆಯ ಸರಳಿನಲ್ಲಿ ಈ ಓಲಾಟ ಒಂದು ಗಳಿಗೆ ತಡ, ಗಿಡ್ಡ ಸರಳಿನಲ್ಲಿ ಒಂದು ಗಳಿಗೆ ಮೊದಲು. ಸರಳುಗಳ ನಡುವಿನ ಅಂತರವನ್ನು ಈ ತಡಕ್ಕೂ ಮುಂಚೆಗೂ ಸರಿಹೊಂದುವಂತೆ ಇಟ್ಟರೆ, ಎದುರಿನಿಂದ ಬಂದ ಅಲೆಯ ಎಲ್ಲ ಮರುಅಲೆಗಳೂ ಕೇಬಲ್ ಇರುವ ಸರಳಿನ ಬಳಿ ಏರು ಏರಿಗೆ, ಇಳಿ ಇಳಿಗೆ ಕೂಡಿಕೊಳ್ಳುತ್ತವೆ. ಹಿಂದಿನಿಂದ ಬಂದ ಅಲೆಗೆ ಏರಿಗೆ ಇಳಿ ಸಿಕ್ಕಿ ಒಂದನ್ನೊಂದು ಅಳಿಸಿಹಾಕುತ್ತವೆ. ಕೆಲವು ಮಿಲಿಮೀಟರ್ ಉದ್ದ ಗಿಡ್ಡದಲ್ಲಿ ದಿಕ್ಕು ಹುಟ್ಟಿತು.

ಇದನ್ನು 1920ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ಸೆಂದಾಯ್ ನಗರದ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉದಾ. ಅವರು 1926ರಲ್ಲಿ ಜಪಾನಿ ಭಾಷೆಯಲ್ಲಿ ಬರೆದರು. ಅವರ ಪ್ರಾಧ್ಯಾಪಕ ಹಿದೆತ್ಸುಗು ಯಾಗಿ 1928ರಲ್ಲಿ ಇಂಗ್ಲಿಷಿನಲ್ಲಿ ಬರೆದರು, ಜಗತ್ತಿಗೆ ಯಾಗಿ ಎಂಬ ಹೆಸರೇ ಉಳಿಯಿತು. ದುಡಿದ ಉದಾ ಅವರ ಹೆಸರನ್ನು ನಾವಾದರೂ ಸೇರಿಸಿ ಹೇಳಬೇಕು. ಜಪಾನಿನ ಸೇನೆ ಅವರಿಬ್ಬರನ್ನೂ ಕಡೆಗಣಿಸಿತ್ತು. 1942ರಲ್ಲಿ ಸಿಂಗಪುರ ಜಪಾನಿನ ಕೈಸೇರಿದಾಗ, ಬ್ರಿಟಿಷ್ ರೇಡಾರ್ ಸಿಬ್ಬಂದಿಯೊಬ್ಬನ ಟಿಪ್ಪಣಿಗಳಲ್ಲಿ "ಯಾಗಿ" ಎಂದು ಮತ್ತೆ ಮತ್ತೆ ಬರೆದಿದ್ದನ್ನು ಕಂಡು ಜಪಾನಿ ತಂತ್ರಜ್ಞರು ಕೈದಿಯನ್ನೇ ವಿಚಾರಿಸಿದರು. ಅದು ನಿಮ್ಮದೇ ದೇಶದ ಪ್ರಾಧ್ಯಾಪಕರ ಹೆಸರು ಎಂಬ ಉತ್ತರ ಬಂತು. ನಾಲ್ಕು ದಶಕಗಳ ನಂತರ ಅದೇ ಯಾಗಿ ದೂರದರ್ಶನಕ್ಕಾಗಿ ನಮ್ಮ ಮಾಳಿಗೆಗಳನ್ನೇರಿತು. ಆ ಹಳೆಯ ಆಂಟೆನಾ ಇನ್ನೂ ಅಟ್ಟದ ಮೇಲಿದೆ, ಮೊಬೈಲಿಗೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. 200 ಮೆಗಾಹರ್ಟ್ಸ್ ಆಸುಪಾಸಿನ ಟಿವಿ ಅಲೆಗೆ ಮುಕ್ಕಾಲು ಮೀಟರಿನ ಸರಳು ಬೇಕಿತ್ತು, ಇವತ್ತಿನ 1800 ಮೆಗಾಹರ್ಟ್ಸ್‌ಗೆ ಎಂಟು ಸೆಂಟಿಮೀಟರ್ ಸಾಕು. ಅದೇ ಕಾರಣಕ್ಕೆ 900ಕ್ಕೆಂದು ಮಾಡಿದ ಯಾಗಿ 2300ಕ್ಕೆ ಕೆಲಸಕ್ಕೆ ಬಾರದು. ನಿಮ್ಮ ಸಿಮ್ ಯಾವ ಬ್ಯಾಂಡಿನಲ್ಲಿ, ಅಂದರೆ ಯಾವ ಆವರ್ತನದಲ್ಲಿ, ಓಡುತ್ತಿದೆ ಎಂದು ನೆಟ್‌ವರ್ಕ್ ಅಳೆಯುವ ಆಪ್‌ನಲ್ಲಿ ನೋಡದೆ ಆಂಟೆನಾ ಕೊಳ್ಳಬೇಡಿ. ಎಲ್ಲ ಬ್ಯಾಂಡಿಗೂ ಒಂದೇ ಬೇಕೆಂದರೆ ಲಾಗ್ ಪೀರಿಯಾಡಿಕ್ ಎಂಬ ಬಗೆ ಇದೆ. ಗೇನ್ ತುಸು ಕಡಿಮೆ, ತಲೆನೋವೂ ಕಡಿಮೆ.

ಆಂಟೆನಾದ ಇನ್ನೊಂದು ಗುಣವನ್ನು ಅಂಗಡಿಯವರು ಹೇಳುವುದಿಲ್ಲ, ನನಗೆ ಅದೇ ದೊಡ್ಡದು. ಯಾವ ದಿಕ್ಕಿಗೆ ಅದು ಚೆನ್ನಾಗಿ ಕೇಳುತ್ತದೋ ಆ ದಿಕ್ಕಿಗೇ ಅಷ್ಟೇ ಚೆನ್ನಾಗಿ ಮಾತಾಡುತ್ತದೆ. ಟವರ್ ಹತ್ತಾರು ವ್ಯಾಟ್ ಸುರಿಯುತ್ತದೆ, ನಿಮ್ಮ ಫೋನಿಗೆ 4ಜಿಯಲ್ಲಿ ಗರಿಷ್ಠ 200 ಮಿಲಿವ್ಯಾಟ್. ಅಂದರೆ ಟವರಿನ ಮಾತು ನಿಮಗೆ ಕೇಳಿದರೂ ನಿಮ್ಮ ಮಾತು ಟವರಿಗೆ ಮುಟ್ಟದೇ ಹೋಗಬಹುದು. ಎರಡು ಕಡ್ಡಿ ಇದ್ದೂ "ಹಲೋ ಹಲೋ" ಎನ್ನುವುದಕ್ಕೆ ಇದೂ ಒಂದು ಕಾರಣ. ಮಾಳಿಗೆಯ ಯಾಗಿ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಒಟ್ಟಿಗೆ ಬಲಪಡಿಸುತ್ತದೆ.

ಇಲ್ಲಿಯೇ ಒಂದು ಚಿಂತೆಯ ಮಾತು. ಊರಿಗೆ ಟವರ್ ಬರುತ್ತದೆಂದರೆ "ಕ್ಯಾನ್ಸರ್ ಬರ್ತೈತಿ, ಬ್ಯಾಡ" ಎಂದು ಅಡ್ಡ ನಿಲ್ಲುವವರು ನಮ್ಮಲ್ಲಿ ಬಹಳ. ಈ ಅಲೆಗಳಿಗೆ ಜೀವಕೋಶದ ಅಣುಬಂಧ ಮುರಿಯುವಷ್ಟು ಶಕ್ತಿ ಇಲ್ಲ. ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಟವರ್ ವಿಕಿರಣಕ್ಕೆ ಇಟ್ಟಿರುವ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಟವರ್ ದೂರವಾದಷ್ಟೂ ಕಿವಿಗೆ ಒತ್ತಿದ ಫೋನು ತನ್ನ ಪೂರ್ತಿ 200 ಮಿಲಿವ್ಯಾಟ್ ಸುರಿಯುತ್ತದೆ, ಹತ್ತಿರವಿದ್ದರೆ ಅದರ ಸಣ್ಣದೊಂದು ಪಾಲು ಸಾಕಾಗುತ್ತದೆ. ಟವರ್ ಓಡಿಸಿದ ಊರಿನವರು ಹೆದರಿಕೆಯಿಂದ ಪಾರಾದಂತೆ ಭಾವಿಸಿ, ಹೆಚ್ಚು ಸುರಿಯುವ ಫೋನನ್ನೇ ತಲೆಗೆ ಹಚ್ಚಿಕೊಂಡಿರುತ್ತಾರೆ. ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿಯಾಗುವುದೂ ಇದರಿಂದಲೇ.

ಈಗ ಗುಡ್ಡದ ಮಾತು. ಬಾದಾಮಿಯಿಂದ ಮಹಾಕೂಟದ ಕಡೆಗಿರುವ ಒಂದೂರಲ್ಲಿ ನನ್ನ ಸೋದರಮಾವನ ಮನೆ. ಅಲ್ಲಿ ಆಂಟೆನಾ ಕಟ್ಟುವಾಗ ಮಾಮಾ ಕಂಬ ಹಿಡಿದು ನಿಂತಿದ್ದರು, ಅವರ ಮಗಳು ಕೆಳಗೆ, ಆಂಟೆನಾದ ಕೇಬಲ್ ಸೇರುವ ಸಿಮ್ ರೌಟರಿನ ಮುಂದೆ ಕೂತು, ಋಣ ಚಿಹ್ನೆ ಬಿಟ್ಟು ಡಿಬಿಎಂ ಅಂಕಿ ಓದುತ್ತಿದ್ದಳು. ಟವರ್ ಇರುವ ದಿಕ್ಕಿಗೆ, ಅಂದರೆ ಗುಡ್ಡದ ಕಡೆಗೇ ತಿರುವಿದಾಗ ಅವಳ ದನಿ ಸಪ್ಪೆ: "ನೂರಾ ಹದಿನೇಳು." "ಇನ್ನೊಂಚೂರ್ ಬಲಕ್ಕ ತಿರುವ್ರಿ ಮಾಮಾ" ಎಂದೆ. ನೂರಾ ಹದಿನೈದು. "ಟವರ್ ಆ ಕಡಿ ಐತಿ, ನೀ ಈ ಕಡಿ ತಿರುವ್ ಅಂತಿಯಲ್ಲೋ" ಎಂದು ಗೊಣಗುತ್ತಲೇ ಅವರು ತಿರುವುತ್ತ ಹೋದರು. ಟವರಿಗೆ ಸಂಬಂಧವೇ ಇಲ್ಲದ, ಎದುರಿನ ಕಲ್ಲುಗೋಡೆಯ ಕಡೆಗೆ ಮುಖ ಮಾಡಿದಾಗ ಕೆಳಗಿನಿಂದ ಕೂಗು ಬಂತು: "ಅಪ್ಪಾ, ಬಿಡಬ್ಯಾಡ್ರಿ! ನೂರಾ ಎರಡು!" ಬಂಡೆಗೆ ಬಡಿದು ಪುಟಿದು ಬಂದ ಅಲೆ, ಗುಡ್ಡ ದಾಟಿ ನೇರ ಬಂದ ಅಲೆಗಿಂತ ಮೂವತ್ತು ಪಟ್ಟು ಬಲವಾಗಿತ್ತು. ನಕ್ಷೆಯಲ್ಲಿ ಟವರ್ ಹುಡುಕಿ ಆ ಕಡೆಗೇ ಬಿಗಿದು ಇಳಿಯುವವರು ಸೋಲುವುದು ಇಲ್ಲಿಯೇ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲಿನಲ್ಲಿ ಹತ್ತಿರದ ಟವರುಗಳು ಸಿಗುತ್ತವೆ, ಶುರುಮಾಡಲು ಅದು ಸರಿ. ಆದರೆ ಕೊನೆಯ ಮಾತು ಅಂಕಿಯದು. ಪೂರ್ತಿ ಒಂದು ಸುತ್ತು ತಿರುವಿ, ಪ್ರತಿ ನಿಲುಗಡೆಯಲ್ಲೂ ಅರ್ಧ ನಿಮಿಷ ಕಾಯಿರಿ, ಅಂಕಿ ತಡವಾಗಿ ಬದಲಾಗುತ್ತದೆ.

ಗುಡ್ಡದ ನೆರಳಿನಲ್ಲೂ ಅಲೆ ಅಷ್ಟಿಷ್ಟು ಸಿಗುವುದು ಯಾಕೆಂಬುದಕ್ಕೆ ಒಂದು ಹಳೆಯ ವಾದವಿದೆ. 1818ರಲ್ಲಿ ಫ್ರಾನ್ಸಿನ ಎಂಜಿನಿಯರ್ ಫ್ರೆನೆಲ್, ಬೆಳಕು ಅಲೆ, ಅದು ಅಂಚಿನಲ್ಲಿ ಬಾಗುತ್ತದೆ ಎಂದು ಅಲ್ಲಿನ ವಿಜ್ಞಾನ ಅಕಾಡೆಮಿಗೆ ಬರೆದ. ಗಣಿತಜ್ಞ ಪ್ವಾಸೋನ್ ಒಪ್ಪಲಿಲ್ಲ: ಹಾಗಿದ್ದರೆ ದುಂಡನೆಯ ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕಲ್ಲ, ಎಂಥ ಅಸಂಬದ್ಧ! ಭೌತವಿಜ್ಞಾನಿ ಅರಾಗೊ ಪ್ರಯೋಗ ಮಾಡಿ ನೋಡಿದರೆ ಚುಕ್ಕೆ ಅಲ್ಲೇ ಇತ್ತು. ರೇಡಿಯೊ ಅಲೆಯೂ ಗುಡ್ಡದ ನೆತ್ತಿಯಲ್ಲಿ ಹಾಗೆಯೇ ಕೆಳಕ್ಕೆ ಬಾಗುತ್ತದೆ. ಉದ್ದ ಅಲೆ ಹೆಚ್ಚು ಬಾಗುತ್ತದೆ, ಅದಕ್ಕೇ ಗುಡ್ಡದ ಹಿಂದಿನ ಊರಿಗೆ 2300ಕ್ಕಿಂತ 700, 850, 900ರ ಬ್ಯಾಂಡ್ ವಾಸಿ. ಟವರಿನ ತುದಿ ಕಣ್ಣಿಗೆ ಕಂಡರೆ ಸಾಕು ಎನ್ನುವುದೂ ತಪ್ಪೆಂದು ಈ ಲೆಕ್ಕವೇ ಹೇಳುತ್ತದೆ. ಅಲೆಗೆ ನೋಟದ ಗೆರೆಯ ಸುತ್ತ ಖಾಲಿ ಜಾಗ ಬೇಕು. 8 ಕಿಲೋಮೀಟರ್ ದೂರದ ಟವರಿಗೆ 1800 ಮೆಗಾಹರ್ಟ್ಸ್‌ನಲ್ಲಿ, ನಡುದಾರಿಯಲ್ಲಿ ಆ ಜಾಗದ ತ್ರಿಜ್ಯ 18 ಮೀಟರ್. ಅದರೊಳಗೆ ಹುಣಸೆ ತೋಪೋ ದಿಬ್ಬವೋ ತಲೆ ಹಾಕಿದರೆ ಸಿಗ್ನಲ್ ಸೊರಗುತ್ತದೆ. ಕಂಬವನ್ನು ಇನ್ನೆರಡು ಮೀಟರ್ ಎತ್ತರಿಸುವುದು ಎಷ್ಟೋ ಸಲ ದುಬಾರಿ ಆಂಟೆನಾಕ್ಕಿಂತ ಲಾಭ.

ಇಂಡಿ, ಸಿಂದಗಿ ಕಡೆಯ ಎರೆ ಬಯಲಿನಲ್ಲಿ ಕಷ್ಟ ಬೇರೆ. ಅಲ್ಲಿ ಅಡ್ಡ ಏನೂ ಇಲ್ಲ, 40 ಮೀಟರ್ ಎತ್ತರದ ಟವರಿಗೆ 26 ಕಿಲೋಮೀಟರಿನವರೆಗೆ ದಿಗಂತ. ಹೀಗಾಗಿ ನಾಲ್ಕಾರು ಟವರುಗಳು ಒಟ್ಟಿಗೆ ಕೇಳುತ್ತವೆ, 4ಜಿಯಲ್ಲಿ ಅವೆಲ್ಲ ಒಂದೇ ಆವರ್ತನದಲ್ಲಿ ಮಾತಾಡುತ್ತಿರುತ್ತವೆ. ಕಡ್ಡಿ ತುಂಬಿದ್ದರೂ ವಿಡಿಯೊ ತಿರುಗುತ್ತಲೇ ಇರುತ್ತದೆ. ಇಲ್ಲಿ ನೋಡಬೇಕಾದ್ದು, ಬೇಕಾದ ಟವರಿನ ಸಿಗ್ನಲ್ ಉಳಿದ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂದು ಹೇಳುವ ಎಸ್‌ಐಎನ್‌ಆರ್ ಎಂಬ ಅಂಕಿಯನ್ನು. ಅದು ಸೊನ್ನೆಯ ಹತ್ತಿರವಿದ್ದರೆ ಗದ್ದಲ, 15 ದಾಟಿದರೆ ಸೊಗಸು. ಯಾಗಿಯ ಕಿವುಡುತನವೇ ಇಲ್ಲಿ ಕೆಲಸಕ್ಕೆ ಬರುವುದು. ಸಂಜೆ ಊರೆಲ್ಲ ಕ್ರಿಕೆಟ್ ನೋಡುವಾಗ ಟವರೇ ತುಂಬಿಹೋಗಿದ್ದರೆ ಮಾತ್ರ ಯಾವ ಆಂಟೆನಾವೂ ಏನೂ ಮಾಡಲಾರದು.

ಖಾನಾಪುರದ ಕಣಕುಂಬಿ, ಜಾಂಬೋಟಿ ಕಡೆ ಮಳೆಯನ್ನು ಬೈಯುತ್ತಾರೆ. ಈ ಆವರ್ತನಗಳಿಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ತೊಯ್ದ ಎಲೆಗಳು ಹೀರುತ್ತವೆ, ಅದಕ್ಕಿಂತ ಹೆಚ್ಚಾಗಿ ಕರೆಂಟ್ ಹೋಗಿ ಟವರಿನ ಬ್ಯಾಟರಿ ಬರಿದಾಗಿರುತ್ತದೆ.

ದುಡ್ಡು ಹಾಳಾಗುವುದು ಬಹುಪಾಲು ಕೇಬಲ್ಲಿನಲ್ಲಿ. ಡಬ್ಬಿಯ ಜೊತೆ ಬರುವ ತೆಳ್ಳನೆಯ ಆರ್‌ಜಿ-58 ಕೇಬಲ್ 2300 ಮೆಗಾಹರ್ಟ್ಸ್‌ನಲ್ಲಿ 10 ಮೀಟರಿಗೆ 8 ಡಿಬಿಗೂ ಹೆಚ್ಚು ತಿನ್ನುತ್ತದೆ. ಆಂಟೆನಾ ಗಳಿಸಿದ್ದರಲ್ಲಿ ಬಹುಪಾಲು ಗೋಡೆಯ ತೂತಿನಲ್ಲೇ ಮುಗಿಯಿತು. ಬೆರಳು ದಪ್ಪದ ಎಲ್‌ಎಂಆರ್-400 ಆದರೆ 2 ಡಿಬಿ ಸುಮಾರು. ಅದಕ್ಕಿಂತ ಜಾಣತನ ಇನ್ನೊಂದಿದೆ: ಆಂಟೆನಾ ಒಳಗೇ ಇರುವ ಹೊರಾಂಗಣ ರೌಟರನ್ನು ಕಂಬಕ್ಕೇ ಕಟ್ಟಿ ಕೆಳಗೆ ಈಥರ್‌ನೆಟ್ ಕೇಬಲ್ ಇಳಿಸುವುದು. ಅದರಲ್ಲಿ ಹರಿಯುವುದು ಅಂಕಿಗಳು, 100 ಮೀಟರಿನವರೆಗೆ ಒಂದೂ ಸವೆಯುವುದಿಲ್ಲ. ನನ್ನ ಸಲಹೆ ಇದೇ. ಫೋನಿಗೆ ಆಂಟೆನಾ ಜೋಡಿಸುವ ಕಿಂಡಿ ಇಲ್ಲ, ಹೇಗಿದ್ದರೂ ರೌಟರ್ ಬೇಕೇ ಬೇಕು. ಮನೆಯೊಳಗೆ ವೈಫೈ ಕಾಲಿಂಗ್ ಹಚ್ಚಿಕೊಂಡರೆ ಮಾತಿಗೂ ಮಾಳಿಗೆ ಹತ್ತಬೇಕಿಲ್ಲ. ಯಾಗಿಯನ್ನೇ ಹಾಕುವುದಾದರೆ ಎರಡು ಹಾಕಿ, ಒಂದು ಎಡಕ್ಕೆ 45 ಡಿಗ್ರಿ, ಇನ್ನೊಂದು ಬಲಕ್ಕೆ 45 ಡಿಗ್ರಿ ವಾಲಿರಲಿ. ಟವರಿನ ಆಂಟೆನಾಗಳು ಸಾಮಾನ್ಯವಾಗಿ ಹಾಗೆಯೇ ಎರಡು ಓರೆಗಳಲ್ಲಿ ಮಾಹಿತಿಯ ಎರಡು ಪ್ರವಾಹ ಕಳಿಸುತ್ತವೆ, ಒಂದೇ ಯಾಗಿ ಹಾಕಿದರೆ ಅರ್ಧ ವೇಗ ಬಿಟ್ಟುಕೊಟ್ಟಂತೆ.

"ಬೂಸ್ಟರ್" ಎಂದು ಮಾರುವ ರಿಪೀಟರ್ ಪೆಟ್ಟಿಗೆ ಮಾತ್ರ ಬೇಡ. ಪರವಾನಗಿ ಇಲ್ಲದೆ ಅದನ್ನು ಕೊಳ್ಳುವುದೂ ಹಚ್ಚುವುದೂ ನಮ್ಮಲ್ಲಿ ಕಾನೂನುಬಾಹಿರ. ಅದು ತನ್ನದೇ ಗದ್ದಲವನ್ನೂ ಹಿಗ್ಗಿಸಿ ಟವರಿಗೆ ಕಳಿಸುತ್ತದೆ, ಒಬ್ಬರ ಮನೆಯ ಸುಖಕ್ಕೆ ಓಣಿಯವರೆಲ್ಲರ ಕರೆ ಕತ್ತರಿಸುತ್ತದೆ.

ಸಿಡಿಲಿನ ಬಗ್ಗೆ ನಿರ್ಲಕ್ಷ್ಯ ಬೇಡ. ಮೊಬೈಲ್ ಅಲೆ ಸಿಡಿಲನ್ನು ಕರೆಯುತ್ತದೆ ಎನ್ನುವುದು ಮೂಢನಂಬಿಕೆ. ಎತ್ತರದ ಕಬ್ಬಿಣದ ಕಂಬಕ್ಕೆ ಸಿಡಿಲು ಬಡಿಯುತ್ತದೆ ಎನ್ನುವುದು ನಿಜ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮುಂಚೆಯೇ ಕಂಬಕ್ಕೆ ದಪ್ಪ ತಂತಿಯ ಅರ್ಥಿಂಗ್ ಕೊಡಿ, ಕೇಬಲ್ ಮನೆಯೊಳಗೆ ಬರುವಲ್ಲಿ ಸಿಡಿಲಿನ ಹೊಡೆತವನ್ನು ನೆಲಕ್ಕೆ ಹರಿಸುವ ಸರ್ಜ್ ಅರೆಸ್ಟರ್ ಹಾಕಿ, ಗುಡುಗುವಾಗ ಕಂಬ ಮುಟ್ಟಬೇಡಿ. ಕನೆಕ್ಟರಿಗೆ ನೀರು ಇಳಿಯದಂತೆ ರಬ್ಬರ್ ಟೇಪ್ ಸುತ್ತಿ. ಬಾದಾಮಿಯ ಸುತ್ತಮುತ್ತಲಿನವರು ಕೇಬಲ್ಲನ್ನು ಪಿವಿಸಿ ಪೈಪಿನೊಳಗೆ ಇಳಿಸಿ ಕ್ಲಾಂಪ್ ಹೊಡೆಯಲೇಬೇಕು. ಜೋತಾಡುವ ಕೇಬಲ್ ಕಂಡರೆ ಅಲ್ಲಿನ ಮಂಗಗಳು ಬಿಡುವುದಿಲ್ಲ, ಜಗ್ಗಿ ಆಂಟೆನಾದ ಮುಖವನ್ನೇ ತಿರುಗಿಸಿಬಿಡುತ್ತವೆ. ಆಮೇಲೆ ಮತ್ತೆ ಕಂಬ ಹತ್ತಿ ಅಂಕಿ ಓದಿಸುವ ಕೆಲಸ.